ಟೈರುಗಳ ಅಸಮ ಸವೆತ

ಟೈರುಗಳ ಅಸಮ ಸವೆತ ಎಂದರೆ ವಾಹನದ ಟೈರಿನ ನೆಲ ತಾಗುವ ಭಾಗವು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಸವೆಯದೆ ಒಂದು ಅಂಚಿನಲ್ಲೋ, ಎರಡೂ ಅಂಚುಗಳಲ್ಲೋ, ನಡುವಿನಲ್ಲೋ ಅಥವಾ ಅಲ್ಲಲ್ಲಿ ತೇಪೆಗಳಂತೆಯೋ ಬೇಗ ಸವೆಯುವುದು. ಕುಟುಂಬಗಳು ಬಳಸುವ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಕಂಡುಬರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಇದು ಟೈರಿನದೇ ದೋಷವಲ್ಲ. ಗಾಳಿಯ ಒತ್ತಡ, ಚಕ್ರಗಳ ಕೋನ, ಸಸ್ಪೆನ್ಷನ್ ಅಥವಾ ಚಾಲನೆಯ ರೀತಿಯಲ್ಲಿರುವ ಕೊರತೆಯ ಲಕ್ಷಣ. ಆದ್ದರಿಂದ ಮೂಲ ಕಾರಣವನ್ನು ಸರಿಪಡಿಸದೆ ಹೊಸ ಟೈರು ಹಾಕಿಸಿದರೆ ಅದೂ ಹಳೆಯದರಂತೆಯೇ ಸವೆಯುತ್ತದೆ. ಸವೆತದ ವಿನ್ಯಾಸವನ್ನು ಗಮನಿಸಿ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು.

ಟ್ರೆಡ್ ಮತ್ತು ಸಹಜ ಸವೆತ

ಟೈರಿನ ನೆಲ ತಾಗುವ ದಪ್ಪ ರಬ್ಬರಿನ ಪದರವನ್ನು ಟ್ರೆಡ್ ಎನ್ನುತ್ತಾರೆ. ಅದರಲ್ಲಿರುವ ತೋಡುಗಳು ಮಳೆಯ ನೀರನ್ನು ಚಕ್ರದ ಅಡಿಯಿಂದ ಹೊರಹಾಕುತ್ತವೆ. ಹೊಸ ಕಾರು ಟೈರಿನಲ್ಲಿ ಈ ತೋಡುಗಳು ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಆಳವಾಗಿರುತ್ತವೆ. ಓಡುವ ಕಾರಿನ ಪ್ರತಿಯೊಂದು ಟೈರು ಯಾವುದೇ ಕ್ಷಣದಲ್ಲಿ ರಸ್ತೆಯನ್ನು ತಾಗಿರುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಕಾರಿನ ಭಾರ, ಬ್ರೇಕಿನ ಹಿಡಿತ, ತಿರುವಿನ ಸೆಳೆತ ಇವೆಲ್ಲವೂ ಈ ನಾಲ್ಕು ಅಂಗೈಯಗಲದ ಜಾಗಗಳ ಮೇಲೆಯೇ ಬೀಳುತ್ತವೆ. ಈ ಜಾಗದೊಳಗೆ ಭಾರ ಸಮನಾಗಿ ಹಂಚಿಕೆಯಾಗದಿದ್ದರೆ ಸವೆತವೂ ಸಮನಾಗಿರುವುದಿಲ್ಲ.

ನಾಲ್ಕೂ ಟೈರುಗಳು ಒಂದೇ ವೇಗದಲ್ಲಿ ಸವೆಯಬೇಕೆಂಬ ನಿಯಮವೇನೂ ಇಲ್ಲ. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಕಾರುಗಳಲ್ಲಿ ಎಳೆಯುವ, ತಿರುಗಿಸುವ ಮತ್ತು ಬ್ರೇಕಿನ ಬಹುಪಾಲು ಭಾರ ಹೊರುವ ಕೆಲಸಗಳೆಲ್ಲ ಮುಂದಿನ ಟೈರುಗಳದ್ದೇ. ಎಂಜಿನ್ನಿನ ತೂಕವೂ ಅವುಗಳ ಮೇಲೆಯೇ ಇರುತ್ತದೆ. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಹಿಂಚಕ್ರ ಚಾಲನೆಯ ಕಾರುಗಳಾಗಿದ್ದವು. 1983ರಲ್ಲಿ ಮಾರುತಿ 800 ಬಂದ ಮೇಲೆ ಭಾರತದ ಮನೆಗಳಲ್ಲಿ ಮುಂಚಕ್ರ ಚಾಲನೆಯ ಕಾರುಗಳು ಸಾಮಾನ್ಯವಾದವು. ಇಂತಹ ಕಾರುಗಳಲ್ಲಿ ಮುಂದಿನ ಟೈರುಗಳು ಹಿಂದಿನವಕ್ಕಿಂತ ಬೇಗ ಸವೆಯುವುದು ಸಹಜ. ಒಂದೇ ಟೈರಿನ ಒಳಗೆ ಒಂದು ಭಾಗ ಮತ್ತೊಂದಕ್ಕಿಂತ ಬೇಗ ಸವೆದಾಗ, ಅಥವಾ ಎಡ ಮತ್ತು ಬಲ ಟೈರುಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಂಡಾಗ ಅದನ್ನು ಅಸಮ ಸವೆತವೆಂದು ಪರಿಗಣಿಸಲಾಗುತ್ತದೆ.

ಸವೆತದ ಬಗೆಗಳು ಮತ್ತು ಕಾರಣಗಳು

ಎರಡೂ ಅಂಚುಗಳ ಸವೆತ: ಗಾಳಿ ಕಡಿಮೆಯಿದ್ದಾಗ ಟೈರಿನ ನಡುಭಾಗ ಒಳಕ್ಕೆ ಕುಗ್ಗಿ ಭಾರವೆಲ್ಲ ಎರಡು ಅಂಚುಗಳ ಮೇಲೆ ಬೀಳುತ್ತದೆ. ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲೂ ಅತಿಯಾಗಿ ಮಡಚಿಕೊಳ್ಳುವುದರಿಂದ ಒಳಗೆ ಶಾಖ ಹೆಚ್ಚುತ್ತದೆ. ಬೇಸಿಗೆಯಲ್ಲಿ ಹೆದ್ದಾರಿಯ ವೇಗದಲ್ಲಿ ಟೈರು ಸಿಡಿಯಲು ಇದೊಂದು ಮುಖ್ಯ ಕಾರಣ. ಇಂಧನವೂ ಹೆಚ್ಚು ಖರ್ಚಾಗುತ್ತದೆ.

ನಡುಭಾಗದ ಸವೆತ: ಗಾಳಿ ಅತಿಯಾದಾಗ ಟ್ರೆಡ್ಡಿನ ನಡುಭಾಗ ಉಬ್ಬಿ ಅದೊಂದೇ ರಸ್ತೆಗೆ ಉಜ್ಜುತ್ತದೆ. ನೆಲ ತಾಗುವ ಜಾಗ ಕಿರಿದಾಗಿ ಹಿಡಿತ ಕಡಿಮೆಯಾಗುತ್ತದೆ.

ಒಂದೇ ಅಂಚಿನ ಸವೆತ: ಚಕ್ರದ ಕೋನಗಳು ತಪ್ಪಿರುವುದು ಇದಕ್ಕೆ ಮುಖ್ಯ ಕಾರಣ. ಕಾರಿನ ಮುಂದೆ ನಿಂತು ನೋಡಿದಾಗ ಚಕ್ರವು ಒಳಕ್ಕೆ ಅಥವಾ ಹೊರಕ್ಕೆ ವಾಲಿರುವ ಕೋನವನ್ನು ಕ್ಯಾಂಬರ್ ಎನ್ನುತ್ತಾರೆ. ಚಕ್ರದ ಮೇಲ್ತುದಿ ಒಳಕ್ಕೆ ಅತಿಯಾಗಿ ವಾಲಿದ್ದರೆ ಒಳ ಅಂಚು, ಹೊರಕ್ಕೆ ವಾಲಿದ್ದರೆ ಹೊರ ಅಂಚು ಸವೆಯುತ್ತದೆ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗಗಳು ಪರಸ್ಪರ ಸಮೀಪಿಸಿವೆಯೇ ಅಥವಾ ದೂರ ಸರಿದಿವೆಯೇ ಎಂಬುದನ್ನು ಟೋ ಎನ್ನುತ್ತಾರೆ. ಮುಂಭಾಗಗಳು ಅತಿಯಾಗಿ ಸಮೀಪಿಸಿದ್ದರೆ ಹೊರ ಅಂಚುಗಳೂ, ದೂರ ಸರಿದಿದ್ದರೆ ಒಳ ಅಂಚುಗಳೂ ಸವೆಯುತ್ತವೆ. ಚಕ್ರ ತಿರುಗುವ ಊರುಗೋಲಿನಂತಹ ಅಕ್ಷವು ಹಿಂದಕ್ಕೆ ವಾಲಿರುವ ಕೋನವು ಕ್ಯಾಸ್ಟರ್. ಇದು ನೇರವಾಗಿ ಸವೆತಕ್ಕೆ ಕಾರಣವಾಗುವುದು ಕಡಿಮೆ. ಆದರೆ ಎಡಬಲಗಳಲ್ಲಿ ವ್ಯತ್ಯಾಸವಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ.

ಗರಗಸದಂತಹ ಸವೆತ: ಟ್ರೆಡ್ಡಿನ ಮೇಲೆ ಅಡ್ಡಲಾಗಿ ಕೈಯಾಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ, ವಿರುದ್ಧ ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಚುಚ್ಚುವಂತೆಯೂ ಇರುತ್ತದೆ. ಟೋ ತಪ್ಪಿ ಟೈರು ಉರುಳುತ್ತಲೇ ಅಡ್ಡಕ್ಕೆ ಎಳೆಯಲ್ಪಡುವುದು ಇದರ ಕಾರಣ. ಚಕ್ರವೊಂದು ತಾನು ಸಾಗಬೇಕಾದ ದಿಕ್ಕಿನಿಂದ 1 ಡಿಗ್ರಿಯಷ್ಟು ಓರೆಯಾಗಿದ್ದರೆ, ಜ್ಯಾಮಿತಿಯ ಲೆಕ್ಕದಂತೆ, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡ ಎಳೆತಕ್ಕೆ ಒಳಗಾಗುತ್ತದೆ. ಕಣ್ಣಿಗೆ ಕಾಣದ ಓರೆಯೂ ಕೆಲವೇ ಸಾವಿರ ಕಿಲೋಮೀಟರುಗಳಲ್ಲಿ ಟೈರನ್ನು ಹಾಳುಮಾಡುವುದು ಹೀಗೆ.

ಗುಳಿಗಳಂತಹ ಸವೆತ: ಟೈರಿನ ಸುತ್ತಲೂ ಅಲ್ಲಲ್ಲಿ ತಗ್ಗುಗಳು ಕಂಡುಬಂದರೆ ಚಕ್ರವು ರಸ್ತೆಯ ಮೇಲೆ ಪುಟಿಯುತ್ತಾ ಓಡುತ್ತಿದೆ ಎಂದರ್ಥ. ಶಾಕ್ ಅಬ್ಸಾರ್ಬರ್ ದುರ್ಬಲವಾಗಿರುವುದು, ಚಕ್ರದ ಬ್ಯಾಲೆನ್ಸ್ ತಪ್ಪಿರುವುದು ಅಥವಾ ಬೇರಿಂಗ್ ಸಡಿಲವಾಗಿರುವುದು ಇದಕ್ಕೆ ಕಾರಣ. ವೇಗ ಹೆಚ್ಚಿದಂತೆ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ.

ಒಂದೇ ಕಡೆಯ ಚಪ್ಪಟೆ: ಹಠಾತ್ ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಜಾರಿದರೆ ಟೈರಿನ ಒಂದು ಜಾಗ ಉಜ್ಜಿ ಚಪ್ಪಟೆಯಾಗುತ್ತದೆ. ಬಹುಕಾಲ ನಿಂತಿದ್ದ ಕಾರಿನಲ್ಲೂ ಇದೇ ರೀತಿಯ ಕುಲುಕಾಟ ಕಾಣಬಹುದು. ಅದು ಸವೆತವಲ್ಲ, ಸಾಮಾನ್ಯವಾಗಿ ಸ್ವಲ್ಪ ದೂರ ಓಡಿ ಟೈರು ಬಿಸಿಯಾದ ಮೇಲೆ ಸರಿಹೋಗುತ್ತದೆ.

ರಸ್ತೆ ಮತ್ತು ಚಾಲನೆಯ ಪ್ರಭಾವ

ಗುಂಡಿಗೆ ಬಿದ್ದಾಗ ಅಥವಾ ಪಾದಚಾರಿ ಮಾರ್ಗದ ಕಲ್ಲಂಚಿಗೆ ಚಕ್ರ ಬಡಿದಾಗ ಸ್ಟಿಯರಿಂಗಿನ ಟೈ ರಾಡ್, ಸಸ್ಪೆನ್ಷನ್ನಿನ ತೋಳು ಮೊದಲಾದವು ಬಾಗಿ ಚಕ್ರದ ಕೋನಗಳು ಬದಲಾಗಬಹುದು. ವೇಗ ತಗ್ಗಿಸದೆ ರಸ್ತೆ ಉಬ್ಬುಗಳನ್ನು ಹಾರಿಸುವುದರಿಂದ ರಬ್ಬರಿನ ಬುಷ್‌ಗಳೂ ಬಾಲ್ ಜಾಯಿಂಟುಗಳೂ ಬೇಗ ಸಡಿಲಗೊಳ್ಳುತ್ತವೆ. ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಘಾಟಿ ರಸ್ತೆಗಳಲ್ಲಿ ನಿತ್ಯ ಸಂಚರಿಸುವ ಕಾರುಗಳಲ್ಲಿ ಕೋನಗಳೆಲ್ಲ ಸರಿಯಿದ್ದರೂ ಕಡಿದಾದ ತಿರುವುಗಳ ಕಾರಣ ಮುಂದಿನ ಟೈರುಗಳ ಹೊರ ಅಂಚುಗಳು ಹೆಚ್ಚು ಸವೆಯುತ್ತವೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವ ಅಭ್ಯಾಸವೂ ಮುಂದಿನ ಟೈರುಗಳನ್ನು ನೆಲಕ್ಕೆ ತೇಯುತ್ತದೆ.

ಪತ್ತೆ ಹಚ್ಚುವ ವಿಧಾನ

ಅಸಮ ಸವೆತದ ದೊಡ್ಡ ಅಪಾಯವೆಂದರೆ ಅದು ಕಣ್ಣಿಗೆ ಮರೆಯಾಗಿರುವುದು. ಕಾರಿನ ಸುತ್ತ ನಡೆದು ನೋಡುವವರಿಗೆ ಟೈರಿನ ಹೊರ ಅಂಚು ಮಾತ್ರ ಕಾಣುತ್ತದೆ. ಒಳ ಅಂಚು ಸವೆದು ಉಕ್ಕಿನ ತಂತಿಗಳು ಹೊರಬಂದಿದ್ದರೂ ಹೊರಗಿನಿಂದ ಟೈರು ಚೆನ್ನಾಗಿರುವಂತೆಯೇ ತೋರಬಹುದು. ಮುಂದಿನ ಚಕ್ರಗಳನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಒಳ ಅಂಚನ್ನು ಸುಲಭವಾಗಿ ನೋಡಬಹುದು. ಹಿಂದಿನ ಚಕ್ರಗಳನ್ನು ಬಗ್ಗಿ ನೋಡಬೇಕು, ಅಥವಾ ಸರ್ವಿಸ್ ಸಮಯದಲ್ಲಿ ಕಾರನ್ನು ಮೇಲೆತ್ತಿದಾಗ ಪರೀಕ್ಷಿಸಬೇಕು.

ಅಗ್ಗದ ಆಳಮಾಪಕದಿಂದ ಒಳ ಅಂಚು, ನಡುಭಾಗ ಮತ್ತು ಹೊರ ಅಂಚು ಎಂದು ಮೂರು ಕಡೆ ತೋಡಿನ ಆಳವನ್ನು ಅಳೆಯುವುದು ಉತ್ತಮ ವಿಧಾನ. ಉದಾಹರಣೆಗೆ, ಒಳಗೆ 2 ಮಿ.ಮೀ., ನಡುವೆ 5 ಮಿ.ಮೀ., ಹೊರಗೆ 5.5 ಮಿ.ಮೀ. ಬಂದರೆ ಸರಾಸರಿ 4 ಮಿ.ಮೀ. ದಾಟುತ್ತದೆ. ಆದರೂ ಆ ಟೈರಿನ ಆಯುಷ್ಯ ಮುಗಿಯುತ್ತಾ ಬಂದಿದೆ ಎಂದೇ ತಿಳಿಯಬೇಕು. ಟೈರಿನ ಸ್ಥಿತಿಯನ್ನು ನಿರ್ಧರಿಸುವುದು ಅದರ ಅತ್ಯಂತ ಸವೆದ ಭಾಗ. ನೇರ ರಸ್ತೆಯಲ್ಲಿ ಕಾರು ಒಂದು ಕಡೆಗೆ ಎಳೆಯುವುದು, ನೇರವಾಗಿ ಸಾಗುವಾಗಲೂ ಸ್ಟಿಯರಿಂಗ್ ಓರೆಯಾಗಿರುವುದು, ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ನಡುಗುವುದು ಇತರ ಸೂಚನೆಗಳು.

ಸರಿಪಡಿಸುವ ಕ್ರಮ

ದುರಸ್ತಿಯಲ್ಲಿ ಅನುಕ್ರಮಕ್ಕೆ ಮಹತ್ವವಿದೆ.

1. ಗಾಳಿಯ ಒತ್ತಡ: ಕಾರು ತಯಾರಕರು ಸೂಚಿಸಿದ ಒತ್ತಡವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ನಮೂದಿಸಿರುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ. ಅಷ್ಟು ಗಾಳಿ ತುಂಬಿಸಬಾರದು. ಟೈರು ತಣ್ಣಗಿರುವಾಗ, ಬೆಳಗ್ಗೆ ಕಾರು ಹೊರಡುವ ಮುನ್ನ ಅಥವಾ ಹತ್ತಿರದ ಬಂಕಿಗೆ ಹೋದೊಡನೆ ಅಳೆಯಬೇಕು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಬದಲಾದರೆ ಒತ್ತಡ ಸುಮಾರು 2 ಪಿಎಸ್ಐ ಬದಲಾಗುತ್ತದೆ. ರೇಡಿಯಲ್ ಟೈರಿನ ಪಕ್ಕಗಳು ಸಹಜವಾಗಿಯೇ ಸ್ವಲ್ಪ ಉಬ್ಬಿರುವುದರಿಂದ ಗಾಳಿ ಕಡಿಮೆಯಾದದ್ದು ಬರಿಗಣ್ಣಿಗೆ ತಿಳಿಯದು. ತಿಂಗಳಿಗೊಮ್ಮೆಯಾದರೂ ಮಾಪಕದಿಂದ ಪರೀಕ್ಷಿಸುವುದು ಅಗತ್ಯ. ನೈಟ್ರೋಜನ್ ತುಂಬಿಸಿದರೂ ಈ ಪರೀಕ್ಷೆ ತಪ್ಪದು. ಸಾಮಾನ್ಯ ಗಾಳಿಯಲ್ಲೂ ಶೇ. 78ರಷ್ಟು ನೈಟ್ರೋಜನ್ನೇ ಇದೆ.

2. ಬಿಡಿಭಾಗಗಳ ಪರೀಕ್ಷೆ: ಟೈ ರಾಡ್ ತುದಿ, ಬಾಲ್ ಜಾಯಿಂಟ್, ಬುಷ್, ಬೇರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳಲ್ಲಿ ಸಡಿಲತೆ ಅಥವಾ ಸೋರಿಕೆ ಇದೆಯೇ ಎಂದು ನೋಡಿ, ಸವೆದವನ್ನು ಬದಲಿಸಬೇಕು.

3. ವೀಲ್ ಬ್ಯಾಲೆನ್ಸಿಂಗ್: ಚಕ್ರವನ್ನು ಯಂತ್ರದಲ್ಲಿ ತಿರುಗಿಸಿ, ತೂಕ ಕಡಿಮೆಯಿರುವ ಕಡೆ ಸಣ್ಣ ತೂಕದ ತುಂಡುಗಳನ್ನು ಅಂಟಿಸಿ ಸಮತೋಲನ ತರಲಾಗುತ್ತದೆ. ಇದು ನಡುಕವನ್ನು ನಿವಾರಿಸುತ್ತದೆಯೇ ಹೊರತು ಚಕ್ರದ ಕೋನವನ್ನು ಬದಲಿಸುವುದಿಲ್ಲ.

4. ವೀಲ್ ಅಲೈನ್‌ಮೆಂಟ್: ಕೋನಗಳನ್ನು ಅಳೆದು ತಯಾರಕರ ಮಿತಿಗೆ ತರುವ ಈ ಕೆಲಸ ಕೊನೆಯಲ್ಲಿ ಬರಬೇಕು. ಸಡಿಲವಾದ ಭಾಗಗಳನ್ನು ಉಳಿಸಿಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಅದು ನಿಲ್ಲುವುದಿಲ್ಲ. ಅನಂತರ ಟೈ ರಾಡ್ ತುದಿ ಬದಲಿಸಿದರೆ ಟೋ ಮತ್ತೆ ತಪ್ಪುತ್ತದೆ. ಹಲವು ಸಣ್ಣ ಕಾರುಗಳಲ್ಲಿ ಮುಂದಿನ ಟೋ ಒಂದನ್ನೇ ಹೊಂದಿಸಲು ಸಾಧ್ಯ. ಇಂತಹ ಕಾರಿನಲ್ಲಿ ಕ್ಯಾಂಬರ್ ಮಿತಿ ಮೀರಿದ್ದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಎಂದರ್ಥ. ಯಂತ್ರವು ಮುದ್ರಿಸುವ ಹಾಳೆಯಲ್ಲಿ ಸರಿಪಡಿಸುವ ಮೊದಲಿನ ಮತ್ತು ಅನಂತರದ ಅಳತೆಗಳು ಇರುತ್ತವೆ. ಅದನ್ನು ಕೇಳಿ ಪಡೆದು ಇಟ್ಟುಕೊಂಡರೆ ಮುಂದಿನ ಸಲ ಹೋಲಿಸಿ ನೋಡಬಹುದು.

ಟೈರುಗಳ ಸ್ಥಾನ ಬದಲಾವಣೆ

ಸಹಜ ಸವೆತದ ವ್ಯತ್ಯಾಸವನ್ನು ಹಂಚಲು ಟೈರುಗಳ ಸ್ಥಾನವನ್ನು ಕಾಲಕಾಲಕ್ಕೆ, ಸಾಮಾನ್ಯವಾಗಿ 8,000ದಿಂದ 10,000 ಕಿ.ಮೀ.ಗೊಮ್ಮೆ, ಬದಲಿಸುತ್ತಾರೆ. ಮುಂಚಕ್ರ ಚಾಲನೆಯ ಕಾರುಗಳಲ್ಲಿ ಮುಂದಿನ ಟೈರುಗಳನ್ನು ಅದೇ ಬದಿಯಲ್ಲಿ ಹಿಂದಕ್ಕೂ, ಹಿಂದಿನವನ್ನು ಎಡಬಲ ಅದಲುಬದಲು ಮಾಡಿ ಮುಂದಕ್ಕೂ ಹಾಕುವುದು ರೂಢಿ. ಹಿಂಚಕ್ರ ಚಾಲನೆಯಲ್ಲಿ ಇದು ತಿರುವುಮುರುವಾಗುತ್ತದೆ. ತಿರುಗುವ ದಿಕ್ಕನ್ನು ಬಾಣದ ಗುರುತಿನಿಂದ ಸೂಚಿಸಿರುವ ಟೈರುಗಳನ್ನು ಅದೇ ಬದಿಯಲ್ಲಿ ಹಿಂದುಮುಂದು ಮಾತ್ರ ಬದಲಿಸಬೇಕು. ಸ್ಟೆಪ್ನಿ ಉಳಿದವುಗಳ ಅಳತೆಯದೇ ಆಗಿದ್ದರೆ ಅದನ್ನೂ ಈ ಸರದಿಗೆ ಸೇರಿಸಬಹುದು.

ಸ್ಥಾನ ಬದಲಾವಣೆಯು ಅಸಮ ಸವೆತಕ್ಕೆ ಪರಿಹಾರವಲ್ಲ. ಕೋನ ತಪ್ಪಿರುವ ಚಕ್ರಕ್ಕೆ ಬೇರೆ ಟೈರು ಹಾಕಿದರೆ ಅದೂ ಹಾಳಾಗುತ್ತದೆ. ಯಾವ ಚಕ್ರದಲ್ಲಿ ದೋಷವಿತ್ತೆಂಬ ಕುರುಹೂ ಅಳಿಸಿಹೋಗುತ್ತದೆ. ಆದ್ದರಿಂದ ಸ್ಥಾನ ಬದಲಿಸುವ ಮುನ್ನ ಪ್ರತಿ ಟೈರಿನ ಅಳತೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಟೈರು ಬದಲಿಸುವುದು

ಸವೆದುಹೋದ ರಬ್ಬರು ಮತ್ತೆ ಬರುವುದಿಲ್ಲ. ಕಾರಣವನ್ನು ಸರಿಪಡಿಸಿದ ಮೇಲೆ, ಸವೆತ ಅಲ್ಪವಾಗಿದ್ದ ಟೈರನ್ನು ಬಳಸಬಹುದು. ತಂತಿ ಕಾಣಿಸಿದ, ಪಕ್ಕ ಉಬ್ಬಿದ ಅಥವಾ ಬಿರಿದ ಟೈರನ್ನು ಕೂಡಲೇ ತೆಗೆಯಬೇಕು. ಎರಡೇ ಟೈರು ಕೊಳ್ಳುವಾಗ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಬೇಕೆಂಬುದು ಟೈರು ತಯಾರಕರ ಸಾಮಾನ್ಯ ಸಲಹೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ನಿಯಂತ್ರಿಸುವುದು ಹೆಚ್ಚು ಕಷ್ಟ ಎಂಬುದು ಇದರ ಹಿಂದಿನ ತರ್ಕ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ; 2319 ಎಂದಿದ್ದರೆ 2019ರ 23ನೆಯ ವಾರ.

ಸುರಕ್ಷತೆ ಮತ್ತು ಕಾನೂನು

ತೋಡುಗಳ ಆಳ ಕಡಿಮೆಯಾದಂತೆ ಟೈರು ಮಳೆನೀರನ್ನು ಹೊರಹಾಕುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವೇಗದಲ್ಲಿ ನೀರಿನ ಪದರವು ಟೈರನ್ನು ರಸ್ತೆಯಿಂದ ಮೇಲೆತ್ತಿದರೆ ಸ್ಟಿಯರಿಂಗ್ ಮತ್ತು ಬ್ರೇಕ್ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಕರಾವಳಿ ಮತ್ತು ಮಲೆನಾಡಿನಂತಹ ಹೆಚ್ಚು ಮಳೆಯ ಪ್ರದೇಶಗಳಲ್ಲಿ ಮುಂಗಾರಿಗೆ ಮೊದಲೇ ಟೈರುಗಳನ್ನು ಪರೀಕ್ಷಿಸುವುದಕ್ಕೆ ಇದೇ ಕಾರಣ.

ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಟೈರುಗಳ ಸ್ಥಿತಿಯನ್ನು ನಿರ್ದೇಶಿಸುತ್ತವೆ. ಕಾರುಗಳ ಟ್ರೆಡ್ಡಿನ ಕನಿಷ್ಠ ಆಳ 1.6 ಮಿ.ಮೀ. ಎಂದು ನಿಗದಿಯಾಗಿದೆ. ಇದನ್ನು ತಿಳಿಯಲು ಮುಖ್ಯ ತೋಡುಗಳ ತಳದಲ್ಲಿ ಅಷ್ಟೇ ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ. ಟ್ರೆಡ್ ಸವೆದು ಈ ದಿಣ್ಣೆಗಳ ಮಟ್ಟಕ್ಕೆ ಬಂದರೆ ಟೈರು ಬದಲಿಸಬೇಕು. ಈ ದಿಣ್ಣೆಗಳು ತೋಡುಗಳಲ್ಲಿ ಮಾತ್ರ ಇರುವುದರಿಂದ ತೀರ ಒಳ ಅಂಚಿನ ಸವೆತವನ್ನು ತೋರಿಸಲಾರವು. ಅದನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ.