ಕಂಪ್ನಿಯಲ್ಲಿ ಯಾವ ಪಾರ್ಟು?

ಬಿಇ ಮುಗಿದು ಬೆಂಗಳೂರಲ್ಲಿ ಕೆಲಸ ಸಿಕ್ಕಾಗ ನಮ್ಮಜ್ಜಿ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಳು: "ನಮ್ ಹುಡ್ಗ ಕಂಪ್ನಿ ಸೇರ್ಕಂಡವ್ನೆ." ನಮ್ಮದು ಗುಬ್ಬಿ ಪಕ್ಕದ ಹಳ್ಳಿ. ಅರಳಿಕಟ್ಟೆ ಮೇಲೆ ಕೂತಿದ್ದ ತಾತ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಪಾರ್ಟು ಕೊಟ್ಟವ್ರಪ್ಪಾ?" ಅಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ತಾತ ನಗಲಿಲ್ಲ. ಅವರ ಪ್ರಕಾರ ಕಂಪನಿ ಸೇರೋದು ಅಂದರೆ ಮುಖಕ್ಕೆ ಬಣ್ಣ ಹಚ್ಚೋದು.

ಆ ಪ್ರಶ್ನೆ ನನಗೆ ಮತ್ತೆ ನೆನಪಾಗಿದ್ದು ಬಹಳ ವರ್ಷ ಆದಮೇಲೆ, ನಮ್ಮ ಟೀಮಿನ ನಾಲ್ಕು ಜನರನ್ನು ಒಂದೇ ದಿನ ತೆಗೆದಾಗ. ಹದಿನೈದು ನಿಮಿಷದ ಒಂದು ಕಾಲ್, ಆಮೇಲೊಂದು ಮೇಲ್, ಅಷ್ಟೇ. ಅವರಲ್ಲಿ ಒಬ್ಬ ಕುಣಿಗಲ್‌ನವನು. ಆರು ವರ್ಷ ಮಧ್ಯಾಹ್ನ ನನ್ನ ಜೊತೆ ಡಬ್ಬಿ ಹಂಚಿಕೊಂಡು ಉಂಡವನು. ಸಂಜೆ ಹೊತ್ತಿಗೆ ಅವನ ಐಡಿ ಕಾರ್ಡಿಗೆ ಗೇಟು ತೆಗೆಯಲಿಲ್ಲ. ಆವತ್ತು ರಾತ್ರಿ ನಿದ್ದೆ ಬರದೆ, ಈ 'ಕಂಪನಿ' ಅನ್ನೋ ಪದ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತೆ.

ಲ್ಯಾಟಿನ್‌ನಲ್ಲಿ 'ಕಾಮ್' ಅಂದರೆ ಜೊತೆಗೆ, 'ಪಾನಿಸ್' ಅಂದರೆ ರೊಟ್ಟಿ. ಎರಡೂ ಸೇರಿದರೆ ರೊಟ್ಟಿ ಹಂಚಿಕೊಂಡು ತಿನ್ನುವವರು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗಲೂ ಮೊದಲಿದ್ದ ಅರ್ಥ ಒಡನಾಟ, ಗುಂಪು. ವ್ಯಾಪಾರ ಆಮೇಲೆ ಸೇರಿದ್ದು. "ಕಾಫಿಗೆ ಕಂಪನಿ ಕೊಡು ಬಾರೋ" ಅಂತೀವಲ್ಲ, ಪದದ ಹಳೇ ಅರ್ಥ ಅಲ್ಲಿ ಇನ್ನೂ ಬದುಕಿದೆ. ಅದೇ 'ಪಾನಿಸ್' ಪೋರ್ಚುಗೀಸರ ಬಾಯಲ್ಲಿ 'ಪಾಂವ್' ಆಗಿ, ಗೋವಾಕ್ಕೆ ಬಂದು ನಮ್ಮ ಪಾವ್ ಆಯಿತು. ಅಂದರೆ ಕಂಪನಿಗೂ ಪಾವ್ ಭಾಜಿಗೂ ನೆಂಟಸ್ತನ ಇದೆ!

ನಮ್ಮ ಸೀಮೆಗೆ ಈ ಪದ ಬಂದಿದ್ದು ಮಾತ್ರ ರೊಟ್ಟಿ ಹಿಡಿದುಕೊಂಡಲ್ಲ. 1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಎಲಿಜಬೆತ್ ಸನ್ನದು ಕೊಟ್ಟ ಈಸ್ಟ್ ಇಂಡಿಯಾ ಕಂಪನಿ ನಮ್ಮವರ ಬಾಯಲ್ಲಿ 'ಕುಂಪಣಿ' ಆಯಿತು. ನನ್ನ ಗೆಳೆಯನ ಊರು ಕುಣಿಗಲ್‌ನ ಕುದುರೆ ಫಾರಂ ಟಿಪ್ಪುವಿನ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅದೂ ಬ್ರಿಟಿಷರ ಕೈ ಸೇರಿತು. 1831ರಲ್ಲಿ ಕುಂಪಣಿ ಇಡೀ ಮೈಸೂರಿನ ಆಡಳಿತವನ್ನೇ ತಗೊಂಡಿತು. ತುಮಕೂರಿನ ರೈತನಿಗೆ ಕುಂಪಣಿ ಅಂದರೆ ಕಂದಾಯ ಕೇಳುವ ಸರ್ಕಾರ. ಅದರ ಜೊತೆ ಕೂತು ಉಣ್ಣೋ ಮಾತೆಲ್ಲಿ ಬಂತು?

1858ರಲ್ಲಿ ಕುಂಪಣಿಯ ಆಳ್ವಿಕೆ ಮುಗಿಯಿತು, 1874ರಲ್ಲಿ ಕುಂಪಣಿಯೇ ಇಲ್ಲವಾಯಿತು. ಅದಾಗಿ ಹತ್ತೇ ವರ್ಷಕ್ಕೆ, 1884ರಲ್ಲಿ, ಗುಬ್ಬಿಯಲ್ಲಿ ಒಂದು ನಾಟಕ ತಂಡ ಹುಟ್ಟಿತು. ಬೋರ್ಡಿನ ಮೇಲಿದ್ದ ಹೆಸರು ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘ. ಹೆಸರಲ್ಲಿದ್ದದ್ದು 'ಸಂಘ', ಜನ ಕರೆದಿದ್ದು 'ಗುಬ್ಬಿ ಕಂಪನಿ'. ಮುಂಬೈ ಕಡೆ ಪಾರ್ಸಿ ನಾಟಕದವರು ಆಗಲೇ ಕಂಪನಿ ಕಟ್ಟಿ ಊರೂರು ಸುತ್ತುತ್ತಿದ್ದರು, ಆ ಗಾಳಿ ಇಲ್ಲಿಗೂ ಬೀಸಿತ್ತು. ಹೆದರಿಕೆ ಹುಟ್ಟಿಸುತ್ತಿದ್ದ ಪದಕ್ಕೆ ಈಗ ಜನ ಟಿಕೆಟ್ ತಗೊಂಡು ಬರತೊಡಗಿದರು.

ಬಾಲನಟನಾಗಿ ಆ ಕಂಪನಿ ಸೇರಿದ ವೀರಣ್ಣ ಮುಂದೆ ಅದರ ಮಾಲೀಕರೇ ಆದರು. 1934ರ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಅಲ್ಲಿ ನಟರು. ಅವರ ಮಗ ಚಿಕ್ಕಂದಿನಲ್ಲೇ ಅಪ್ಪನ ಹಿಂದೆ ಕಂಪನಿಗೆ ಬಂದ, ಮುಂದೆ ರಾಜ್‌ಕುಮಾರ್ ಆದ. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣನವರು ಇಟ್ಟುಕೊಂಡರು, ಆಮೇಲೆ ಓದಲಿಕ್ಕೆ ಕಾಶಿಗೂ ಕಳಿಸಿದರು. ಆ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು.

ವೃತ್ತಿ ನಾಟಕದವರಿಗೆ 'ಕಂಪನಿ ಮನೆ' ಅಂತ ಒಂದು ಮಾತಿದೆ. ಕ್ಯಾಂಪ್ ಹಾಕಿದ ಊರಲ್ಲಿ ಎಲ್ಲರೂ ಇಳಿದುಕೊಳ್ಳುವ ಮನೆ. ಒಂದೇ ಒಲೆ, ಒಂದೇ ಪಂಕ್ತಿ. ಸ್ಟೇಜಿನ ಮೇಲೆ ರಾಜನಾದವನೂ ಪರದೆ ಎಳೆಯುವವನೂ ಅಕ್ಕಪಕ್ಕ ಕೂತು ಉಣ್ಣಬೇಕು. ಲ್ಯಾಟಿನ್ ಪದದ ಅರ್ಥ ಅವರಿಗೆ ಯಾರೂ ಹೇಳಿರಲಿಲ್ಲ, ಆದರೂ ಪದ ಅಲ್ಲಿ ತನ್ನ ಮನೆಗೆ ವಾಪಸ್ ಬಂದಂಗಿತ್ತು.

ಇದನ್ನು ತೀರಾ ಸಿಹಿ ಮಾಡಿ ಹೇಳೋದೂ ಬೇಡ. ಕಲೆಕ್ಷನ್ ಇಲ್ಲದ ದಿನ ಸಂಬಳ ಇಲ್ಲ. ಪಿಎಫ್ ಇಲ್ಲ, ವಯಸ್ಸಾದಮೇಲೆ ಗತಿ ಇಲ್ಲ. ಅನ್ನ ಹಾಕುವವನ ಮಾತಿಗೆ ಎದುರಾಡುವುದೂ ಸುಲಭ ಇರಲಿಲ್ಲ. ಆದರೆ ಒಂದು ಮಾತು ನಿಜ: "ನಾಳೆಯಿಂದ ಬರಬೇಡ" ಅನ್ನೋದನ್ನು ಜೊತೆಗೆ ಉಂಡವನ ಮುಖ ನೋಡಿಕೊಂಡೇ ಹೇಳಬೇಕಿತ್ತು.

ನಮ್ಮ ಕಾಲದ ಕಂಪನಿ ಬೇರೆ ಥರ. ಕಾನೂನಿನ ಕಣ್ಣಿಗೆ ಅದು ಮಾಲೀಕನಿಂದ ಬೇರೆಯಾದ ಒಬ್ಬ 'ವ್ಯಕ್ತಿ'. 1897ರಲ್ಲಿ ಸಾಲೊಮನ್ ಅನ್ನೋ ಬೂಟು ವ್ಯಾಪಾರಿಯ ಕೇಸಿನಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಹಾಗಂತ ಗಟ್ಟಿಮಾಡಿತು. ಹೆಸರಿನ ಕೊನೆಯ 'ಲಿಮಿಟೆಡ್' ಅಂದರೆ, ಕಂಪನಿ ಮುಳುಗಿದರೂ ಷೇರುದಾರನಿಗೆ ಹೋಗೋದು ಅವನು ಹಾಕಿದಷ್ಟೇ. ಇದರಿಂದ ಲಾಭವೂ ಇದೆ. ಅಪರಿಚಿತರ ದುಡ್ಡು ಸೇರಿಸಿ ದೊಡ್ಡ ಕೆಲಸ ಮಾಡಬಹುದು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲೇ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಶುರುವಾಯಿತು. ಈಗ ಊರಲ್ಲಿ ಹುಡುಗ ಕಂಪ್ನಿ ಸೇರಿದ ಅಂದರೆ ಯಾರೂ ಪಾರ್ಟು ಕೇಳಲ್ಲ, ಪ್ಯಾಕೇಜ್ ಕೇಳ್ತಾರೆ.

ಆದರೆ ಈ ಕಾನೂನಿನ ವ್ಯಕ್ತಿಗೆ ಹೊಟ್ಟೆ ಇಲ್ಲ. ಅದು ನಿಮ್ಮ ಜೊತೆ ಕೂತು ಉಣ್ಣಲಾರದು. "ನಾವೆಲ್ಲ ಒಂದೇ ಫ್ಯಾಮಿಲಿ" ಅಂತ ಟೌನ್‌ಹಾಲ್‌ನಲ್ಲಿ ಹೇಳಿದಾಗ ನಾನು ನಂಬಿದ್ದೆ. ಅದು ಅವರ ಸುಳ್ಳು ಅನ್ನೋದಕ್ಕಿಂತ ನನ್ನ ತಪ್ಪು ಲೆಕ್ಕ. ಸಂಬಳ ಕೊಡೋದು ಒಂದು ಕಂಪನಿ, ಡಬ್ಬಿ ಬಿಚ್ಚಿ ಜೊತೆಗೆ ಉಣ್ಣೋದು ಇನ್ನೊಂದು. ಎರಡಕ್ಕೂ ಒಂದೇ ಹೆಸರು ಇರೋದರಿಂದ ನಾನು ಮೊದಲನೆಯದರ ಹತ್ತಿರ ಎರಡನೆಯದನ್ನು ಕೇಳ್ತಿದ್ದೆ.

ಗೆಳೆಯನಿಗೆ ಐದು ತಿಂಗಳ ಮೇಲೆ ಬೇರೆ ಕೆಲಸ ಸಿಕ್ತು. ಆ ಐದು ತಿಂಗಳಲ್ಲಿ ವಾರಕ್ಕೊಮ್ಮೆಯಾದರೂ ನಮ್ಮ ಮನೆಗೆ ಊಟಕ್ಕೆ ಬರ್ತಿದ್ದ. ಈಗ ಇಬ್ಬರೂ ಊರಿಗೆ ಹೊರಟಾಗ, ಸುತ್ತಾದರೂ ಪರವಾಗಿಲ್ಲ ಅಂತ ಅವನೂ ತುಮಕೂರು ದಾರಿಯಲ್ಲೇ ಬರ್ತಾನೆ. ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲಿಸಿ ತಟ್ಟೆ ಇಡ್ಲಿ ತಿಂತೀವಿ. ಬಿಲ್ಲು ಒಂದು ಸಲ ಅವನದು, ಒಂದು ಸಲ ನನ್ನದು.