ಶಿವನಸಮುದ್ರದ ಒಂಟಿ ಜಾಲ

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕೈಹಾಕಿದ ಈ ಸಾಹಸದ ಕಥೆ ಅನೇಕರಿಗೆ ಗೊತ್ತು. ಆದರೆ ವಿದ್ಯುತ್ತನ್ನು ತಲುಪಿಸುವುದು ಒಂದು ಕೆಲಸ, ತಲುಪಿದ ವಿದ್ಯುತ್ತನ್ನು ಏರುಪೇರಿಲ್ಲದೆ ಕಾಯ್ದುಕೊಳ್ಳುವುದು ಇನ್ನೊಂದು. ಈ ಎರಡನೆಯ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಆಗ ಇದ್ದುದು ಒಂದು ವಿದ್ಯುದಾಗಾರ, ಒಬ್ಬ ದೊಡ್ಡ ಗಿರಾಕಿ. ಎಡವಿದರೆ ಕೈಹಿಡಿಯಲು ನೆರೆಯ ಜಾಲವಿರಲಿಲ್ಲ. ಕೆರೆಯಿಂದ ಒಂದು ಕೊಡ ನೀರು ತೆಗೆದರೆ ಗೊತ್ತಾಗುವುದಿಲ್ಲ, ಹಂಡೆಯಿಂದ ತೆಗೆದರೆ ಮಟ್ಟ ಕಣ್ಣೆದುರೇ ಇಳಿಯುತ್ತದೆ. ಒಂಟಿ ಜಾಲದ ಪಾಡೂ ಹೀಗೆಯೇ. ದೊಡ್ಡದೊಂದು ಮೋಟಾರು ಚಾಲೂ ಆದರೆ ಜನರೇಟರಿನ ವೇಗ ಕುಗ್ಗುತ್ತದೆ, ವೇಗದೊಂದಿಗೆ ಆವರ್ತನವೂ ಇಳಿಯುತ್ತದೆ. ಗವರ್ನರ್ ಎಂಬ ಸಾಧನ ನೀರಿನ ಬಾಗಿಲನ್ನು ಹೆಚ್ಚು ತೆರೆದರೂ ಕೊಳವೆಯ ನೀರು ಆ ಕ್ಷಣವೇ ವೇಗ ಪಡೆಯುವುದಿಲ್ಲ. ಆ ನಡುವಿನ ಗಳಿಗೆಯನ್ನು ಸುಧಾರಿಸುವುದು ತಿರುಗುವ ಯಂತ್ರದ ಭಾರವೇ.

ಕೋಲಾರದ ಅದಿರು ಅರೆಯುವ ಯಂತ್ರಗಳು ಹಗಲಿರುಳೂ ಓಡುವಂಥವು. ಇಂಥ ಸಮನಾದ ಹೊರೆ ಒಂಟಿ ಜಾಲಕ್ಕೆ ವರವೇ ಸರಿ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ದೀಪ ಬಂದ ಮೇಲೆ ಸಂಜೆಗೆ ಏರಿ ರಾತ್ರಿಗೆ ಇಳಿಯುವ ಹೊಸ ಬಗೆಯ ಹೊರೆ ಸೇರಿಕೊಂಡಿತು.

ಇನ್ನೊಂದು ತೊಡಕು ಆವರ್ತನದ್ದು. ಶಿವನಸಮುದ್ರ ಆರಂಭದಲ್ಲಿ ಸೆಕೆಂಡಿಗೆ 25 ಆವರ್ತನದ ವಿದ್ಯುತ್ತನ್ನು ಉತ್ಪಾದಿಸುತ್ತಿತ್ತು. ಆವರ್ತನ ಕಡಿಮೆಯಾದಷ್ಟೂ ಉದ್ದ ತಂತಿಯಲ್ಲಿ ವೋಲ್ಟೇಜು ಕುಸಿಯುವುದು ಕಡಿಮೆ, ನಿಧಾನವಾಗಿ ತಿರುಗುವ ಭಾರಿ ಮೋಟಾರುಗಳಿಗೂ ಅದು ಅನುಕೂಲ. ಆದರೆ ದೀಪಕ್ಕೆ ಅದು ಒಗ್ಗದು. ಎರಡು ಅಲೆಗಳ ನಡುವೆ ಬಲ್ಬಿನ ತಂತಿ ತುಸು ಆರಿ, ಬೆಳಕಿನ ನಡುಕ ಕಣ್ಣಿಗೆ ಕಾಣುತ್ತದೆ. ಗಣಿಗೆ ಹಿತವಾದದ್ದು ಮನೆಗೆ ಹಿತವಲ್ಲ ಎಂಬ ಪೇಚು ಅಲ್ಲಿತ್ತು.

ಎಲ್ಲಕ್ಕಿಂತ ದೊಡ್ಡ ಚಿಂತೆ ಕಾವೇರಿಯದು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಯಾವ ಗವರ್ನರ್ ತಾನೇ ಏನು ಮಾಡೀತು? 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕೆಂದು ಪಟ್ಟುಹಿಡಿದರು. 1911ರಲ್ಲಿ ಕೆಲಸ ಆರಂಭವಾಯಿತು. ಕೃಷ್ಣರಾಜಸಾಗರವೆಂದರೆ ಇಂದು ಮಂಡ್ಯದ ಹಸಿರು ಗದ್ದೆ ನೆನಪಾಗುತ್ತದೆ. ಗಣಿಗಳಿಗೆ ವರ್ಷವಿಡೀ ವಿದ್ಯುತ್ತು ಒದಗಿಸುವುದೂ ಅದರ ಮೂಲ ಉದ್ದೇಶಗಳಲ್ಲಿ ಒಂದಾಗಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಆ ಜಲಾಶಯವೇ ಜಾಲದ ಬ್ಯಾಟರಿ.

1940ರಲ್ಲಿ ಶಿಂಷಾ, ಆ ದಶಕದ ಕೊನೆಯಲ್ಲಿ ಜೋಗ ಜೊತೆಗೂಡಿದವು. ಬೇರೆ ಬೇರೆ ಆವರ್ತನದ ಜಾಲಗಳನ್ನು ನೇರವಾಗಿ ಬೆಸೆಯಲು ಬರುವುದಿಲ್ಲ. ಮುಂದೆ ಶಿವನಸಮುದ್ರವೂ ದೇಶದ ಉಳಿದ ಭಾಗದಂತೆ 50 ಆವರ್ತನಕ್ಕೆ ಬದಲಾಯಿತು. ಒಂಟಿ ಜಾಲ ದೊಡ್ಡ ಕುಟುಂಬಕ್ಕೆ ಸೇರಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು.

ಒಂಟಿ ಜಾಲದ ಪ್ರಶ್ನೆ ಮಾತ್ರ ಮುಗಿದಿಲ್ಲ. ದ್ವೀಪಗಳಲ್ಲಿ, ಗುಡ್ಡಗಾಡಿನ ಹಳ್ಳಿಗಳಲ್ಲಿ ಸೌರಶಕ್ತಿಯ ಪುಟ್ಟ ಜಾಲಗಳು ಈಗ ಅದನ್ನೇ ಎದುರಿಸುತ್ತಿವೆ. ಸೌರಫಲಕದಲ್ಲಿ ತಿರುಗುವ ಭಾರವಿಲ್ಲ. ಆ ಹೊಣೆಯನ್ನು ಬ್ಯಾಟರಿ ಮತ್ತು ಇನ್ವರ್ಟರು ಹೊರಬೇಕು, ಕ್ಷಣದ ಸಾವಿರದ ಕೆಲವೇ ಪಾಲಿನಲ್ಲಿ ಅವು ಸ್ಪಂದಿಸಬಲ್ಲವು. ಬಳಸುವವರ ಸಂಯಮವೂ ಬೇಕು. 2008ರಲ್ಲಿ ಸ್ವಂತ ಜಾಲ ಕಟ್ಟಿಕೊಂಡ ಸ್ಕಾಟ್ಲೆಂಡಿನ ಐಗ್ ದ್ವೀಪದವರು ಮನೆಗೆ ಒಮ್ಮೆಗೆ 5 ಕಿಲೋವಾಟ್ ಎಂಬ ಮಿತಿಯನ್ನು ತಾವೇ ಹಾಕಿಕೊಂಡರು. ಸಂಗ್ರಹ, ಹೊಂದಾಣಿಕೆ, ಮಿತಬಳಕೆ: ಸಾಧನಗಳು ಬದಲಾದರೂ ಚಿಕ್ಕ ಜಾಲ ಬಾಳುವ ದಾರಿ ಇವೇ.