ವಾಗ್ಗೇಯಕಾರನ ಎರಡನೆಯ ಹೆಜ್ಜೆ

ಹಾಡಿನ ಸಾಹಿತ್ಯಕ್ಕೆ ಮಾತು ಎಂದೂ ಅದರ ಸ್ವರರಚನೆಗೆ ಧಾತು ಎಂದೂ ನಮ್ಮ ಪ್ರಾಚೀನ ಶಾಸ್ತ್ರಕಾರರು ಕರೆದು, ಇವೆರಡನ್ನೂ ಕಟ್ಟಬಲ್ಲವನಿಗೆ ವಾಗ್ಗೇಯಕಾರನೆಂಬ ಹೆಸರನ್ನು ಕೊಟ್ಟಿರುವರು. ‘ಸಂಗೀತರತ್ನಾಕರ’ವನ್ನು ರಚಿಸಿದ ಶಾರ್ಙ್ಗದೇವನು ಅವನ ಲಕ್ಷಣಗಳನ್ನು ವಿಸ್ತಾರವಾಗಿ ವಿವರಿಸಿ, ಎರಡರಲ್ಲಿಯೂ ಸಮರ್ಥನಾದವನೇ ಉತ್ತಮನೆಂದು ನಿರ್ಣಯಿಸಿದ್ದಾನೆ. ಈ ಶಾರ್ಙ್ಗದೇವನು ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದವನು. ೧೩ನೆಯ ಶತಮಾನದ ಪೂರ್ವಾರ್ಧದಲ್ಲಿ, ಅದೇ ಸಿಂಘಣನ ಕಾಲದಲ್ಲಿಯೇ, ಸವದತ್ತಿಯಿಂದ ಬೆಳೆದು ಬೆಳಗಾವಿಗೆ ರಾಜಧಾನಿಯನ್ನು ಸಾಗಿಸಿದ್ದ ರಟ್ಟರ ರಾಜ್ಯವು ಸೇವುಣರ ವಶವಾಯಿತು. ಆದುದರಿಂದ ವಾಗ್ಗೇಯಕಾರನ ವಿಚಾರವು ನಮ್ಮ ಸೀಮೆಗೆ ತೀರ ಹೊರಗಿನದಲ್ಲ.

ಈ ಹಳೆಯ ಅಳತೆಗೋಲನ್ನು ನಮ್ಮ ಕಾಲದ ಒಬ್ಬ ಗಾಯಕರ ಕೃತಿಗೆ ಹಿಡಿದು ನೋಡುವದು ಪ್ರಸ್ತುತ ಲೇಖನದ ಉದ್ದೇಶ. ಆ ಗಾಯಕರು ಮೈಸೂರಿನ ಶ್ರೀ ರಘು ದೀಕ್ಷಿತರು. ಆಲ್ಬಮ್ ಎಂದು ಈಗ ರೂಢಿಯಲ್ಲಿರುವ ಗೀತಸಂಪುಟಗಳಲ್ಲಿ ಅವರ ಮೊದಲನೆಯದು ೨೦೦೮ರಲ್ಲಿಯೂ ಎರಡನೆಯದು ೨೦೧೩ರಲ್ಲಿಯೂ ಹೊರಬಂದವು. ಮೈಸೂರಿನ ಗಾಯಕರಿಗೂ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ವಾಚಕರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಎರಡು ಸಂಪುಟಗಳಲ್ಲಿಯೂ ಶಿಶುನಾಳ ಶರೀಫ ಸಾಹೇಬರ ಪದಗಳಿವೆ, ಸಂಬಂಧವು ಅಲ್ಲಿದೆ.

ಶರೀಫ ಸಾಹೇಬರು ೧೮೧೯ರಲ್ಲಿ ಹುಟ್ಟಿ ೧೮೮೯ರಲ್ಲಿ ದೇಹವಿಟ್ಟವರು. ಅವರ ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುನಾಳ. ಗುರುಗಳು ಕಳಸದ ಗೋವಿಂದಭಟ್ಟರು. ಕೆಲಕಾಲ ಕನ್ನಡ ಶಾಲೆಯ ಮಾಸ್ತರಿಕೆಯನ್ನು ಮಾಡಿ, ಅದನ್ನು ಬಿಟ್ಟು, ಕಂಡುದನ್ನೆಲ್ಲ ಪದಮಾಡಿ ಹಾಡುತ್ತ ತಿರುಗಿದ ಅನುಭಾವಿಗಳು ಅವರು. ಕಿತ್ತೂರಿನ ಯುದ್ಧವು ನಡೆದ ೧೮೨೪ರಲ್ಲಿ ಅವರು ಐದು ವರ್ಷದ ಬಾಲಕರು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ ೧೮೩೧ರಲ್ಲಿ ಹನ್ನೊಂದರ ಹುಡುಗರು. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಹಾಡು ಎಂಬುದು ಕೇವಲ ವಿನೋದವಾಗಿರಲಿಲ್ಲ. ಅದು ವರ್ತಮಾನಪತ್ರವೂ ಆಗಿತ್ತು, ಧರ್ಮೋಪದೇಶವೂ ಆಗಿತ್ತು. ರಾಯಣ್ಣನ ಬಂಡಾಯವು ಲಾವಣಿಯಾಯಿತು. ಬೈಲಹೊಂಗಲದ ಸಂಗ್ಯಾನ ದುರಂತವೂ ಮೊದಲು ಹಾಡಾಗಿ ಹಬ್ಬಿ, ಮುಂದೆ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಗಿ ಊರೂರಿನಲ್ಲಿ ಮೆರೆಯಿತು. ಸವದತ್ತಿಯ ಗುಡ್ಡದಲ್ಲಿ ಚೌಡಿಕೆಯ ನಾದವಿತ್ತು. ಹಳ್ಳಿಯ ಗುಡಿಗಳಲ್ಲಿ ಏಕತಾರಿ, ತಾಳ, ದಮ್ಮಡಿಗಳೊಡನೆ ಭಜನೆಯಿತ್ತು. ಶರೀಫರ ಪದಗಳು ಈ ಭಜನೆಯ ಮೇಳಗಳ ಬಾಯಲ್ಲಿಯೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ನಡೆದು ಬಂದವು.

ಬಾಯಿಂದ ಬಾಯಿಗೆ ನಡೆದು ಬರುವ ಹಾಡಿಗೆ ಒಂದು ಸ್ವಭಾವವುಂಟು. ಧಾತುವು ಊರಿಂದೂರಿಗೆ ಬದಲಾಗುತ್ತದೆ. ಮಾತು ಕೂಡ ಅಷ್ಟಿಷ್ಟು ಬದಲಾದರೂ ಅದರ ತಾತ್ಪರ್ಯವನ್ನು ಮೇಳದ ಹಿರಿಯರು ಕಾಯ್ದುಕೊಂಡು ಬರುತ್ತಾರೆ. ಪದ ಮುಗಿದ ಮೇಲೆ ಅದರ ಅರ್ಥವನ್ನು ಬಿಡಿಸುವ ಒಬ್ಬ ಹಿರಿಯನು ಅನೇಕ ಮೇಳಗಳಲ್ಲಿರುತ್ತಿದ್ದನು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಜೆ. ಎಫ್. ಫ್ಲೀಟ ಸಾಹೇಬನು ನಮ್ಮ ಭಾಗದ ಲಾವಣಿಗಳನ್ನು ಕೂಡಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲೀಷ ಭಾಷಾಂತರದೊಡನೆ ಅಚ್ಚು ಹಾಕಿಸಿದ್ದರಿಂದ ಆ ಹಾಡುಗಳ ಮಾತು ಕಾಗದದಲ್ಲಿ ನಿಂತಿತು. ಮಾತನ್ನು ನಿಲ್ಲಿಸುವದು ಒಂದು ಕೆಲಸ, ಧಾತುವನ್ನು ಹೊಸದಾಗಿ ಹುಟ್ಟಿಸುವದು ಇನ್ನೊಂದು ಕೆಲಸ. ಇವೆರಡನ್ನೂ ಒಬ್ಬನೇ ಮಾಡಬೇಕೆಂಬ ನಿಯಮವಿಲ್ಲ; ಆದರೆ ಎರಡೂ ನಡೆಯದಿದ್ದರೆ ಹಾಡು ಉಳಿಯುವದಿಲ್ಲ.

೨೦ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕ್ಯಾಸೆಟ್ಟುಗಳು ಬಂದು ಶರೀಫರ ಪದಗಳು ಗುಡಿಯ ಕಟ್ಟೆಯಿಂದ ಮನೆಯೊಳಗೆ ಇಳಿದವು. ಈ ಕಾರ್ಯದಲ್ಲಿ ಸಿ. ಅಶ್ವತ್ಥರ ಹಾಗೂ ಶಿವಮೊಗ್ಗ ಸುಬ್ಬಣ್ಣನವರ ಪಾತ್ರವು ದೊಡ್ಡದು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರಕ್ಕೆ ಅಶ್ವತ್ಥರೇ ಸಂಗೀತವನ್ನು ಕೊಟ್ಟರು. ಅದರಲ್ಲಿ ಗಿರೀಶ ಕಾರ್ನಾಡರು ಗೋವಿಂದಭಟ್ಟರ ಪಾತ್ರವನ್ನು ವಹಿಸಿದ್ದರು. ಅಶ್ವತ್ಥರದು ಮಾತಿಗೆ ಒತ್ತು ಕೊಟ್ಟು ಹಾಡುವ ಪದ್ಧತಿ. ಪ್ರತಿಯೊಂದು ಶಬ್ದವನ್ನೂ ಕೇಳುವವನ ಎದುರಿಗೆ ಇಟ್ಟು, ಅದರ ಭಾರವನ್ನು ತೋರಿಸಿ ಮುಂದೆ ಹೋಗುವದು ಅವರ ರೀತಿ. ಹೀಗೆ ಕ್ಯಾಸೆಟ್ಟಿನ ಕಾಲದಲ್ಲಿ ಮೇಳದ ಹಿರಿಯನ ಕೆಲಸವನ್ನು ಗಾಯಕನ ಕಂಠವೇ ಕೆಲಮಟ್ಟಿಗೆ ಮಾಡಿತೆನ್ನಬಹುದು.

ಇನ್ನು ರಘು ದೀಕ್ಷಿತರ ಕಡೆಗೆ ಬರುವಾ. ಇವರು ೧೯೭೪ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಶಾಸ್ತ್ರವನ್ನು ಓದಿದವರು, ಭರತನಾಟ್ಯವನ್ನು ಕಲಿತವರು. ಸಂಗೀತಕ್ಕೆ ಗಿಟಾರಿನ ಮೂಲಕ ಬಂದವರು. ಮೊದಲು ‘ಅಂತರಾಗ್ನಿ’ ಎಂಬ ಮೇಳವನ್ನು ಕಟ್ಟಿ, ಮುಂದೆ ತಮ್ಮ ಹೆಸರಿನಲ್ಲಿಯೇ ಇನ್ನೊಂದು ಮೇಳವನ್ನು ಕಟ್ಟಿದರು. ಅವರ ಹಾಡುಗಳನ್ನು ಮುದ್ರಿಸಲು ಧ್ವನಿಮುದ್ರಣದ ಸಂಸ್ಥೆಗಳು ಹಲವು ವರ್ಷಗಳವರೆಗೆ ಮುಂದೆ ಬರಲಿಲ್ಲ. ಕೊನೆಗೆ ಮುಂಬಯಿಯ ಚಿತ್ರಸಂಗೀತಕಾರರಾದ ವಿಶಾಲ ದದ್ಲಾನಿ ಹಾಗೂ ಶೇಖರ ರವಜಿಯಾನಿ ಇವರು ತಮ್ಮ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಸಂಸ್ಥೆಯಿಂದ ೨೦೦೮ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಅದಕ್ಕೆ ಗಾಯಕರ ಹೆಸರೇ ಹೆಸರು.

ಆ ಸಂಪುಟದಲ್ಲಿ ಎಂಟು ಹಾಡುಗಳು. ಹಿಂದಿಯವು ಹೆಚ್ಚು, ಇಂಗ್ಲೀಷಿನದು ಒಂದು, ಕನ್ನಡದವು ಎರಡು. ಕನ್ನಡದ ಆ ಎರಡೂ ಶರೀಫರವೇ: ‘ಗುಡುಗುಡಿಯ ಸೇದಿ ನೋಡೋ’ ಹಾಗೂ ‘ಸೋರುತಿಹುದು ಮನೆಯ ಮಾಳಿಗಿ’. ಎಂಟರಲ್ಲಿ ಎರಡು ಎಂದರೆ ಎಣಿಕೆಯಲ್ಲಿ ಅಲ್ಪ. ಆದರೆ ಸಂಪುಟದ ಗುಣವನ್ನು ಈ ಎರಡು ಪದಗಳೇ ನಿರ್ಣಯಿಸುತ್ತವೆಂದು ನಮ್ಮ ಅಭಿಪ್ರಾಯ. ಗುಡುಗುಡಿಯ ಪದದಲ್ಲಿ ತಂಬಾಕಿನ ಸಾಮಗ್ರಿಯೆಲ್ಲ ದೇಹ, ಮನಸ್ಸು, ಬುದ್ಧಿಗಳಿಗೆ ರೂಪಕವಾಗಿದೆ. ಮಾಳಿಗಿಯ ಪದದಲ್ಲಿ ಸೋರುವ ಮನೆಯು ಅಜ್ಞಾನದಿಂದ ಕೆಟ್ಟ ಒಳಬಾಳಿಗೆ ರೂಪಕವಾಗಿದೆ. ಎರಡರ ಮುಖವೂ ಒಳಗಡೆಗೆ ತಿರುಗಿದೆ. ಬಹುಕಾಲ ಬಾಗಿಲು ತಟ್ಟಿದ ಗಾಯಕನೊಬ್ಬನು ತನ್ನ ಒಳಗಿನ ಬೆಂಕಿಯನ್ನು ಹೊರಗೆ ಹಾಕುವ ಆ ಸಂಪುಟದಲ್ಲಿ ಈ ಪದಗಳು ಹೊಂದಿಕೊಂಡು ಕುಳಿತಿವೆ. ಮೊದಲ ಸಂಪುಟವು ಯಾವಾಗಲೂ ಅನೇಕ ವರ್ಷಗಳ ಕೂಡಿಟ್ಟ ಧಾನ್ಯ. ಒಂದೇ ಹಗೇವಿನಿಂದ ತೆಗೆದದ್ದು. ಅದರಲ್ಲಿ ಜೊಳ್ಳು ಕಡಿಮೆಯಿರುವದು ಸಹಜ.

ಎರಡನೆಯ ಸಂಪುಟದ ಕಷ್ಟವು ಇಲ್ಲಿಂದಲೇ ಆರಂಭವಾಗುತ್ತದೆ. ಹಗೇವು ಬರಿದಾದ ಮೇಲೆ ಹೊಸ ಬೆಳೆಯನ್ನೇ ಬೆಳೆಯಬೇಕು. ಅಷ್ಟರಲ್ಲಿ ಜನರ ನಿರೀಕ್ಷೆಯೂ ಬೆಳೆದಿರುತ್ತದೆ. ೨೦೦೮ರಿಂದ ೨೦೧೩ರ ವರೆಗಿನ ಐದು ವರ್ಷಗಳಲ್ಲಿ ದೀಕ್ಷಿತರು ‘ಸೈಕೋ’, ‘ಜಸ್ಟ್ ಮಾತ್ ಮಾತಲ್ಲಿ’ ಮೊದಲಾದ ಚಲಚ್ಚಿತ್ರಗಳಿಗೆ ಸಂಗೀತವನ್ನು ಕೊಟ್ಟರು. ೨೦೧೦ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ ಜೂಲ್ಸ್ ಹಾಲಂಡರ ಕಾರ್ಯಕ್ರಮದಲ್ಲಿ ಹಾಡಿದರು. ೨೦೧೧ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯವರು ಹೊಸಬರಿಗಾಗಿ ಕೊಡುವ ಪುರಸ್ಕಾರವನ್ನು ಪಡೆದರು. ಲುಂಗಿಯನ್ನುಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಕನ್ನಡವನ್ನರಿಯದ ಸಾವಿರಾರು ಜನರ ಎದುರಿಗೆ ಶರೀಫರನ್ನು ಹಾಡಿ ಅವರನ್ನು ಕುಣಿಸಿದರು.

ಈ ಅನುಭವವು ೨೦೧೩ರ ‘ಜಗ್ ಚಂಗಾ’ ಸಂಪುಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಈ ಹೆಸರಿಗೆ ‘ಜಗತ್ತು ಒಳ್ಳೆಯದು’ ಎಂದರ್ಥ. ಮೊದಲನೆಯದಕ್ಕೆ ತನ್ನ ಹೆಸರು, ಎರಡನೆಯದಕ್ಕೆ ಜಗತ್ತಿನ ಹೆಸರು: ಗಾಯಕನ ದೃಷ್ಟಿಯು ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಲ್ಲಿಯೂ ಶರೀಫರ ಎರಡು ಪದಗಳುಂಟು: ‘ಲೋಕದ ಕಾಳಜಿ’ ಹಾಗೂ ‘ಕೋಡಗನ ಕೋಳಿ ನುಂಗಿತ್ತ’. ಆದರೆ ಇವು ಬೇರೆ ಜಾತಿಯ ಪದಗಳು. ಮೊದಲನೆಯದು ಲೋಕದ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತವನನ್ನು ಮೆಲ್ಲನೆ ಹಾಸ್ಯಮಾಡುವ ಪದ. ಎರಡನೆಯದು ಒಡಪಿನಂಥ ಬೆಡಗಿನ ಪದ. ಸಣ್ಣದು ದೊಡ್ಡದನ್ನು ನುಂಗುತ್ತ ಹೋಗಿ, ಕೊನೆಗೆ ಗುರುವಿನ ಪಾದದಲ್ಲಿ ‘ನಾನು’ ಎಂಬುದೇ ಕರಗುವ ವಿಚಿತ್ರ ಸೃಷ್ಟಿ. ೧೨ನೆಯ ಶತಮಾನದ ಶರಣರ ಬೆಡಗಿನ ವಚನಗಳನ್ನು ಬಲ್ಲವರಿಗೆ ಇದರ ವಂಶವು ಕೂಡಲೆ ತಿಳಿಯುವದು. ಮೊದಲ ಸಂಪುಟದಲ್ಲಿ ಮರುಗುವ, ಎಚ್ಚರಿಸುವ ಶರೀಫರಿದ್ದರೆ, ಎರಡನೆಯದರಲ್ಲಿ ನಗುವ ಶರೀಫರಿದ್ದಾರೆ. ಜಗತ್ತು ಒಳ್ಳೆಯದೆಂದು ಸಾರುವ ಹೆಸರಿನ ಬದಿಯಲ್ಲಿಯೇ ಲೋಕದ ಕಾಳಜಿಯನ್ನು ನಗೆಯಾಡುವ ಪದವನ್ನಿಟ್ಟದ್ದು ಸಂಪುಟದ ಒಳ್ಳೆಯ ಜೋಡಣೆ. ಒಂದರ ಅತಿಯನ್ನು ಇನ್ನೊಂದು ತಿದ್ದುತ್ತದೆ.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಏಕಾಗ್ರತೆಯಲ್ಲಿ ಮೊದಲನೆಯದೇ ಮೇಲು. ಅದರ ಮಾಳಿಗಿಯ ಪದದಲ್ಲಿ ಗಾಯಕನ ಸ್ವಂತದ ಸಂಕಟವೂ ಪದದ ಸಂಕಟವೂ ಒಂದಾಗಿ ನಿಂತಿವೆ. ಅಂಥ ಐಕ್ಯವು ಎರಡನೆಯದರಲ್ಲಿ ಅಷ್ಟಾಗಿ ದೊರೆಯದು. ಆದರೆ ವಿಸ್ತಾರದಲ್ಲಿಯೂ ಆತ್ಮವಿಶ್ವಾಸದಲ್ಲಿಯೂ ಎರಡನೆಯದು ಮುಂದಿದೆ. ಮೊದಲನೆಯದರಲ್ಲಿ ಶರೀಫರು ಅತಿಥಿಗಳಂತೆ ಬಂದು ಗೌರವದ ಮಣೆಯ ಮೇಲೆ ಕುಳಿತಿದ್ದಾರೆ. ಎರಡನೆಯದರಲ್ಲಿ ಮನೆಯ ಅಜ್ಜನಂತೆ ಅಂಗಳದಲ್ಲಿ ಓಡಾಡುತ್ತಾರೆ. ಸ್ವಂತದ ಮಾತು ಸಾಲದಾದಾಗ ಪರರ ಮಾತನ್ನು ತೆಗೆದುಕೊಳ್ಳುವದು ವಾಗ್ಗೇಯಕಾರನಿಗೆ ಕೊರತೆಯೆಂದು ಶಾಸ್ತ್ರದೃಷ್ಟಿಯಿಂದ ಯಾರಾದರೂ ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವದಿಲ್ಲ. ಯಾವ ಹಿರಿಯನ ಮಾತಿನ ಎದುರಿಗೆ ತನ್ನ ಮಾತನ್ನು ಇಟ್ಟು ತೂಗಬೇಕೆಂಬುದನ್ನು ಬಲ್ಲವನೇ ಬೆಳೆಯುವ ಕವಿ.

ನಮ್ಮ ಭಾಗದ ಕೆಲವು ಹಿರಿಯ ಭಜನಕಾರರು ಗಿಟಾರು, ಡ್ರಮ್ಮುಗಳ ಸದ್ದಿನಲ್ಲಿ ಶರೀಫರನ್ನು ಕೇಳಲು ಒಪ್ಪುವದಿಲ್ಲ. ಅವರ ಅಸಮಾಧಾನವು ಗೌರವಕ್ಕೆ ಯೋಗ್ಯವಾದುದು. ಆದರೂ ಅವರು ಒಂದನ್ನು ನೆನೆಯಬೇಕು. ಇಂದು ಭಜನೆಯಲ್ಲಿ ಅನಿವಾರ್ಯವೆನಿಸಿರುವ ಹಾರ್ಮೋನಿಯಂ ಪರದೇಶದಿಂದ ಬಂದುದೇ. ಧಾತುವು ನೀರಿನಂತೆ, ಹೊಸ ಪಾತ್ರೆಯನ್ನು ಸೇರಿದಾಗ ಆಕಾರವನ್ನು ಬದಲಿಸುವದು ಅದರ ಧರ್ಮ. ಆದುದರಿಂದ ಧಾತುವಿಗಾಗಿ ನಾವು ಅಂಜಬೇಕಾಗಿಲ್ಲ.

ಅಂಜಬೇಕಾದುದು ಮಾತಿಗಾಗಿ. ಎರಡನೆಯ ಸಂಪುಟದ ಯಶಸ್ಸಿನಲ್ಲಿಯೇ ಈ ಅಪಾಯವು ಅಡಗಿದೆ. ಕುಣಿತದ ಗತಿಯಲ್ಲಿ ಶಬ್ದಗಳು ನಾದವಾಗಿ ಹಾರಿಹೋಗುತ್ತವೆ. ‘ಕೋಡಗ’ ಎಂದರೆ ಹಳಗನ್ನಡದ ಕೋತಿ ಎಂಬುದು ಇಂದಿನ ಎಷ್ಟು ಜನ ಮಕ್ಕಳಿಗೆ ಗೊತ್ತಿದೆ? ಅದು ತಿಳಿಯದಿದ್ದರೆ, ಚಂಚಲವಾದ ಮರ್ಕಟಮನಸ್ಸನ್ನು ಒಂದು ಕೋಳಿ ನುಂಗಿತೆಂಬ ಬೆಡಗು ತಿಳಿಯುವ ಬಗೆ ಹೇಗೆ? ಮಾಳಿಗೆಯ ಗತಿಯೂ ಅಷ್ಟೇ. ನಮ್ಮ ಎರೆಯ ಸೀಮೆಯ ಹಳ್ಳಿಗಳಲ್ಲಿ ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಗಳಿದ್ದವು. ಮಳೆಗಾಲಕ್ಕೆ ಮೊದಲು ಮೇಲೇರಿ ಕರಲು ಮಣ್ಣನ್ನು ಹಾಕಿ ಬಲಪಡಿಸದಿದ್ದರೆ ಮೊದಲ ಮಳೆಗೇ ಮನೆ ಸೋರುತ್ತಿತ್ತು. ಸೋರುವದು ಮಳೆಯ ತಪ್ಪಲ್ಲ, ವೇಳೆಗೆ ಮೇಲೇರದವನ ತಪ್ಪು: ಪದದ ತಾತ್ಪರ್ಯದ ಬೇರು ಈ ಅನುಭವದಲ್ಲಿದೆ. ಸಿಮೆಂಟಿನ ಛಾವಣಿಯ ಕೆಳಗೆ ಹುಟ್ಟಿದ ಮಗುವಿಗೆ ಇದನ್ನು ಯಾರಾದರೂ ಹೇಳಲೇಬೇಕು. ಲಂಡನ್ನಿನ ಶ್ರೋತೃವಿಗೆ ಇದು ತಿಳಿಯದಿದ್ದರೆ ನಷ್ಟವಿಲ್ಲ. ಬೈಲಹೊಂಗಲದ ಶ್ರೋತೃವಿಗೆ ತಿಳಿಯದಿದ್ದರೆ ಪದವೇ ತನ್ನ ಮನೆಯಲ್ಲಿ ಪರದೇಶಿಯಾದಂತೆ.

ಇದು ಗಾಯಕರ ದೋಷವಲ್ಲ. ಅವರು ಧಾತುವಿನ ಕೆಲಸವನ್ನು ಮಾಡಿದ್ದಾರೆ. ಎರಡು ಸಂಪುಟಗಳಲ್ಲಿ ನಾಲ್ಕು ಪದಗಳನ್ನು ತರುಣರ ಕಿವಿಗೆ ಮುಟ್ಟಿಸಿದ್ದಾರೆ. ಮಾತಿನ ಕೆಲಸವು ನಮ್ಮದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಳ್ಳಿಗಳಲ್ಲಿ ಭಜನಮೇಳಗಳು ಇನ್ನೂ ಇವೆ. ಅವುಗಳಲ್ಲಿ ಪದಗಳ ಪಾಠಾಂತರಗಳನ್ನೂ ಅರ್ಥವನ್ನೂ ಬಲ್ಲ ಹಿರಿಯರೂ ಇದ್ದಾರೆ. ಅವರಿಂದ ಕೇಳಿ, ಬರೆದುಕೊಂಡು, ಶಬ್ದಾರ್ಥಗಳೊಡನೆ ಕೂಡಿಸಿಡುವದು ಫ್ಲೀಟ ಸಾಹೇಬನಂಥ ಪರದೇಶಸ್ಥನಿಗೆ ಸಾಧ್ಯವಾದ ಮೇಲೆ ನಮ್ಮ ಶಿಕ್ಷಕರಿಗೂ ಸಂಘದ ಸದಸ್ಯರಿಗೂ ಅಸಾಧ್ಯವೆನ್ನಲಾಗದು. ಶಾಲೆಯ ಮಗುವು ‘ಲೋಕದ ಕಾಳಜಿ’ಯನ್ನು ಗುನುಗುತ್ತ ಬಂದರೆ ಮಾಸ್ತರರು ಗದರಿಸದೆ, ಒಂದು ಗಳಿಗೆ ಕೂಡಿಸಿಕೊಂಡು ಅದರ ಅರ್ಥವನ್ನು ಕೇಳಲಿ, ತಿಳಿಯದಿದ್ದರೆ ತಿಳಿಸಲಿ. ಶರೀಫ ಸಾಹೇಬರೂ ಒಂದು ಕಾಲಕ್ಕೆ ಮಾಸ್ತರರೇ ಆಗಿದ್ದರೆಂಬುದನ್ನು ನಮ್ಮ ವೃತ್ತಿಯವರು ಮರೆಯದಿರಲಿ.